ಕೈ ಹಿಡಿದು ಆಡಬೇಕಾದ ಮಾತು

ತಮ್ಮಾ,

ಅಪ್ಪ ತೀರಿಹೋದಾಗ ಊರು ಮುಟ್ಟಲು ಆಗಲಿಲ್ಲ, ತಿಂಗಳೊಳಗೆ ಕೆಲಸವೂ ಹೋಯಿತು, ಕೆನಡಾಕ್ಕೆ ಬಂದು ವರ್ಷವೂ ತುಂಬಿಲ್ಲ, ಇದು ಯಾವ ಜನ್ಮದ ಪಾಪ ಅಕ್ಕಾ ಅಂತ ಬರೆದಿದ್ದೀಯ. ಟೊರೊಂಟೊದಿಂದ ಬೆಂಗಳೂರಿಗೆ ಎಷ್ಟೇ ಅವಸರ ಮಾಡಿದರೂ 20 ಗಂಟೆ ಹಿಡಿಯುತ್ತದೆ, ಅಲ್ಲಿಂದ ಸಾಗರಕ್ಕೆ ಮತ್ತೊಂದು ರಾತ್ರಿ. ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಕಳಿಸಿಕೊಡುವ ಊರು ನಮ್ಮದು. ನೀನು ಹೇಗೆ ಮುಟ್ಟುತ್ತಿದ್ದೆ ಹೇಳು?

ಈ ಪ್ರಶ್ನೆಯನ್ನು ನಾನೂ ಹೊತ್ತು ತಿರುಗಿದ್ದೇನೆ. 2004ರ ಚಳಿಗಾಲದಲ್ಲಿ ನನ್ನ ಮಗು ಏಳು ತಿಂಗಳಿಗೇ ಹುಟ್ಟಿ ಒಂಬತ್ತು ದಿನ ಇತ್ತು. ಅದರ ತಲೆಗೆ ಹಾಕಿದ್ದ ಉಣ್ಣೆಯ ಟೋಪಿ ನನ್ನ ಮುಷ್ಟಿಯೊಳಗೆ ಅಡಗುತ್ತಿತ್ತು. ಊರಿಂದ ಸೋದರತ್ತೆ ಫೋನ್ ಮಾಡಿ, "ಏನ್ ಮಾಡೋದೇ, ಪಡ್ಕೊಂಡ್ ಬಂದಿದ್ದು" ಅಂದರು. ಫೋನ್ ಇಟ್ಟ ಮೇಲೂ ಆ ಮಾತು ಮನೆಯಲ್ಲೇ ಉಳಿಯಿತು. ಪಾಪ ಹುಡುಕತೊಡಗಿದೆ. ಎಂಟು ವರ್ಷದವಳಿದ್ದಾಗ ಅಟ್ಟದ ಮೇಲಿನ ಗುಬ್ಬಿಗೂಡನ್ನು ಪೊರಕೆಯಿಂದ ಕೆಡವಿದ್ದೆ, ಮೊಟ್ಟೆ ಒಡೆದಿತ್ತು. ಅದೇ ಇರಬೇಕು ಅಂತ ತಿಂಗಳುಗಟ್ಟಲೆ ನಂಬಿದ್ದೆ.

ಅತ್ತೆ ಕೆಟ್ಟವರಲ್ಲ. ಸಾವಿನ ಮನೆಗಳಲ್ಲಿ ಅದೇ ಮಾತನ್ನು ಎಷ್ಟು ಸಲ ಆಡಿದ್ದಾರೋ. ಬೆನ್ನು ಸವರುತ್ತಾ, ಬಲವಂತವಾಗಿ ಎರಡು ಗುಟುಕು ಗಂಜಿ ಕುಡಿಸುತ್ತಾ "ಋಣ ಇಷ್ಟೇ ಇತ್ತು ಬಿಡು" ಅಂದರೆ ನಿನ್ನದೇನೂ ತಪ್ಪಿಲ್ಲ ಅಂತಲೇ ಅರ್ಥ. ಹದಿಮೂರು ದಿನ ಮನೆ ತುಂಬಾ ಜನ ಬೇರೆ. ಇಲ್ಲಿಗೆ ಮಾತು ಮಾತ್ರ ಬರುತ್ತದೆ, ಕೈ ಬರುವುದಿಲ್ಲ. ಪರದೇಶದ ಬದುಕು ಹೇಗೆ ಅಂತ ಕೇಳಿದೆಯಲ್ಲ, ಚಳಿಗೆ ಒಗ್ಗಿಕೊಳ್ಳಬಹುದು, ಇದಕ್ಕೆ ನನಗೆ ಇನ್ನೂ ಆಗಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಪ್ರಸಂಗವಿದೆ. ಸತ್ತವನ ಮಾತು ಬೆಂಕಿಗೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ ಸೇರಿದ ಮೇಲೆ ಆ ಮನುಷ್ಯ ಎಲ್ಲಿರುತ್ತಾನೆ ಅಂತ ಆರ್ತಭಾಗ ಜನಕನ ಸಭೆಯಲ್ಲಿ ಕೇಳುತ್ತಾನೆ. ಯಾರ ಪ್ರಶ್ನೆಗೂ ಅಂಜದ ಯಾಜ್ಞವಲ್ಕ್ಯ ಇದಕ್ಕೆ ಮಾತ್ರ, ಕೈ ಕೊಡಪ್ಪಾ, ಇದು ಜನರ ನಡುವೆ ಆಡುವುದಲ್ಲ ಅಂತ ಅವನನ್ನು ಆಚೆ ಕರೆದೊಯ್ಯುತ್ತಾನೆ. ಅವರಿಬ್ಬರು ಅಲ್ಲಿ ಆಡಿದ್ದು ಕರ್ಮದ ಮಾತು. ಅದನ್ನು ಓದಿದ ದಿನ ನಾನು ತುಂಬಾ ಅತ್ತುಬಿಟ್ಟೆ.

ಮಾಂಡವ್ಯನ ಕಥೆ ನಿನಗೆ ಗೊತ್ತಿರಬಹುದು. ಮೌನವ್ರತದಲ್ಲಿದ್ದ ಋಷಿಯನ್ನು ಕಳ್ಳನೆಂದು ತಿಳಿದು ಶೂಲಕ್ಕೇರಿಸುತ್ತಾರೆ. ಯಾಕೆ ನನಗೆ ಹೀಗಾಯಿತು ಅಂತ ಅವನು ಯಮಧರ್ಮರಾಯನನ್ನೇ ಕೇಳಿದರೆ, ಚಿಕ್ಕಂದಿನಲ್ಲಿ ಹುಳಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆಯಲ್ಲ, ಅದಕ್ಕೆ, ಅನ್ನುತ್ತಾನೆ. ಮಾಂಡವ್ಯ ತಲೆ ತಗ್ಗಿಸಿ ಬರಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಅಂತ ಶಪಿಸಿದ, ಧರ್ಮನೇ ವಿದುರನಾಗಿ ಹುಟ್ಟಬೇಕಾಯಿತು. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಅಂತ ಕಟ್ಟಳೆಯನ್ನೂ ಹಾಕಿದ. ಕರ್ಮದ ಲೆಕ್ಕವನ್ನೇ ಪ್ರಶ್ನಿಸಿ ಗೆದ್ದವನನ್ನು ನಮ್ಮ ಮಹಾಭಾರತ ಋಷಿ ಅನ್ನುತ್ತದೆ. ನನ್ನ ಗುಬ್ಬಿಗೂಡಿನ ಭಾರ ಅಂದು ಇಳಿಯಿತು.

ನಾನು ಕರ್ಮವನ್ನು ನಂಬುತ್ತೇನೆ. ಪ್ರಾರಬ್ಧ, ಅಂದರೆ ಈಗ ಫಲ ಕೊಡುತ್ತಿರುವ ಹಳೆಯ ಕರ್ಮ, ಬಿಟ್ಟ ಬಾಣ, ನಡುದಾರಿಯಲ್ಲಿ ನಿಲ್ಲುವುದಿಲ್ಲ ಅನ್ನುತ್ತಾರೆ ಬಲ್ಲವರು. ಸಂಚಿತ, ಅಂದರೆ ಕೂಡಿಟ್ಟ ಕರ್ಮ, ಬತ್ತಳಿಕೆಯಲ್ಲಿದೆ, ಅದರೊಳಗೆ ಏನಿದೆಯೋ ನಿನಗೂ ಕಾಣದು, ನಿನ್ನ ಜಾತಕ ನೋಡಿದವರಿಗೂ ಕಾಣದು. ಕೈಯಲ್ಲಿರುವುದು ಆಗಾಮಿ, ಅಂದರೆ ಇನ್ನು ಮುಂದೆ ನಾವು ಮಾಡುವುದು, ಅದೊಂದೇ. ಹಾಗಾಗಿ ಮೊದಲು ಇಐ ಅರ್ಜಿ ಹಾಕು, ಕೆಲಸ ಹೋದವರಿಗೆ ಇಲ್ಲಿಯ ಸರ್ಕಾರ ಕೊಡುವ ವಿಮೆ ಹಣ ಅದು. ಕೊನೆಯ ಕೆಲಸದ ದಿನದಿಂದ ನಾಲ್ಕು ವಾರ ದಾಟಿದರೆ ಹಣ ಕೈತಪ್ಪಬಹುದು. ಕಂಪನಿಯ ಕಾಗದ ಬರಲಿ ಅಂತ ಕಾಯಬೇಡ.

ನಿಮ್ಮಮ್ಮ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಬೇಕು ಅನ್ನುತ್ತಿದ್ದಾರಂತೆ. ಊರಿಗೆ ಹೋದಾಗ ಕರೆದುಕೊಂಡು ಹೋಗು. ಇಷ್ಟು ದೊಡ್ಡ ಪೆಟ್ಟು ತಿಂದ ಹೆಂಗಸಿಗೆ ಮಗ ಎರಡು ದಿನ ಪಕ್ಕದಲ್ಲಿದ್ದರೆ ಅಷ್ಟೇ ಸಮಾಧಾನ. ನೀನು ಮಾತ್ರ ಹೆದರಿಕೊಂಡು ಹೋಗಬೇಡ.

ಈ ಶನಿವಾರ ನಮ್ಮ ಮನೆಗೆ ಬಾ. ಬ್ರಾಂಪ್ಟನ್‌ನಲ್ಲಿ ಬಸ್ ಇಳಿದು ಫೋನ್ ಮಾಡು, ನಮ್ಮವರು ಕಾರು ತರುತ್ತಾರೆ. ನಿಮ್ಮಪ್ಪನ ಫೋಟೋ ತಗೊಂಡು ಬಾ. ಅವರಿಗೆ ಊಟಕ್ಕೆ ಏನು ಇಷ್ಟವಾಗುತ್ತಿತ್ತು ಅಂತ ಶುಕ್ರವಾರವೇ ತಿಳಿಸು, ಅದನ್ನೇ ಮಾಡಿರುತ್ತೇನೆ.