ಹಳೆಯ ಫೋನಿಗೆ ಬೇರೆ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಹಾಕಬಹುದೇ?

ಪ್ರಶ್ನೆ: ಆರು ವರ್ಷದ ಹಿಂದೆ ಕೊಂಡ ಫೋನಿಗೆ ಕಂಪನಿಯವರು ಅಪ್‌ಡೇಟ್ ನಿಲ್ಲಿಸಿದ್ದಾರೆ. ಸೀರೆಗಳ ಫೋಟೊ ಕಳಿಸುವುದು, ಯುಪಿಐ ಹಣ ಪಡೆಯುವುದು ಎಲ್ಲವೂ ಅದರಲ್ಲೇ. ಲೀನಿಯೇಜ್ ಓಎಸ್ ಹಾಕಿಕೊಳ್ಳಲೇ?
– ನೇಕಾರರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಸುಸ್ಥಿತಿಯಲ್ಲಿರುವ ಫೋನನ್ನು ಎಸೆಯಲು ಮನಸ್ಸಾಗದಿರುವುದು ಸರಿಯಾದದ್ದೇ. ಸೈನೋಜೆನ್‌ಮಾಡ್ ಎಂಬ ಇಂಥದೇ ಹಿಂದಿನ ಓಎಸ್ ನಿಂತಾಗ, 2016ರ ಡಿಸೆಂಬರಿನಲ್ಲಿ ಅದರ ಮುಂದುವರಿಕೆಯಾಗಿ ಆರಂಭವಾದ ಲೀನಿಯೇಜ್ ಓಎಸ್, ಸ್ವಯಂಸೇವಕರು ಆಂಡ್ರಾಯ್ಡ್ ಆಧಾರದ ಮೇಲೆ ರೂಪಿಸುವ ಉಚಿತ ವ್ಯವಸ್ಥೆ. ಆದರೆ ಅದನ್ನು ಹಾಕಲು ಫೋನು ಆನ್ ಆದಾಗ ಓಎಸ್ ಅನ್ನು ಚಾಲೂ ಮಾಡುವ ಬೂಟ್‌ಲೋಡರ್ ಎಂಬ ತಂತ್ರಾಂಶವನ್ನು ಅನ್‌ಲಾಕ್ ಮಾಡಬೇಕು. ಆಗ ಸಾಮಾನ್ಯವಾಗಿ ಫೋನಿನೊಳಗಿನ ಎಲ್ಲವೂ ಅಳಿಸಿಹೋಗುವುದರಿಂದ, ಗಿರಾಕಿಗಳ ನಂಬರು, ಸೆರಗಿನ ವಿನ್ಯಾಸದ ಚಿತ್ರಗಳನ್ನೆಲ್ಲ ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಮಾರುಕಟ್ಟೆಯ ಹೆಸರು ಒಂದೇ ಆಗಿದ್ದರೂ ಒಳಗಿನ ಮಾದರಿ ಬೇರೆಯಿರಬಹುದು, ಮತ್ತು ತಪ್ಪು ಮಾದರಿಯ ಫೈಲ್ ಹಾಕಿದರೆ ಫೋನು ಮತ್ತೆ ಆನ್ ಆಗದಿರಬಹುದು. ಆದ್ದರಿಂದ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿರುವ ಮಾದರಿ ಸಂಖ್ಯೆಯನ್ನು ಲೀನಿಯೇಜ್‌ನ ಪಟ್ಟಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ನನ್ನನ್ನು ಹೆಚ್ಚು ಕಾಡುವುದು ಯುಪಿಐ ವಿಷಯ. ಬೂಟ್‌ಲೋಡರ್ ಅನ್‌ಲಾಕ್ ಆಗಿರುವ ಫೋನನ್ನು ಹಲವು ಬ್ಯಾಂಕ್ ಆ್ಯಪ್‌ಗಳು ಅಸುರಕ್ಷಿತವೆಂದು ಗುರುತಿಸಿ ತೆರೆಯಲು ನಿರಾಕರಿಸುತ್ತವೆ. ದುಡಿಮೆಯ ಹಣ ಈ ಒಂದೇ ಫೋನಿಗೆ ಬರುತ್ತಿರುವಾಗ ಅದರ ಮೇಲೆ ಪ್ರಯೋಗ ಬೇಡ. ಹಣದ ವ್ಯವಹಾರಕ್ಕೆ, ಈಗಲೂ ಅಪ್‌ಡೇಟ್ ಬರುತ್ತಿರುವ ಸಾಧಾರಣ ಬೆಲೆಯ ಫೋನೊಂದನ್ನು ಕೊಂಡ ಮೇಲೆ, ಹಳೆಯದರಲ್ಲಿ ನಿಶ್ಚಿಂತೆಯಿಂದ ಲೀನಿಯೇಜ್ ಹಾಕಿ ಫೋಟೊ ಕೆಲಸಕ್ಕೆ ಇಟ್ಟುಕೊಳ್ಳಿ.