ಮಗಳನ್ನು ಶಾಲೆಗೆ ಕಳಿಸಿ

ಕೊಪ್ಪಳ ಜಿಲ್ಲೆಯ ತಾಯಿಯೊಬ್ಬರ ಪತ್ರ: “ಒಂಬತ್ತು ವರ್ಷದ ಮಗಳಿಗೆ ನನ್ನ ಕಿಡ್ನಿ ಕೊಟ್ಟು ವರ್ಷವಾಯಿತು. ಬೆಂಗಳೂರಿನ ಡಾಕ್ಟರು ಶಾಲೆಗೆ ಕಳಿಸಿ ಅಂದಿದ್ದಾರೆ. ಅತ್ತೆಯವರು ಬೇಡ ಅನ್ನುತ್ತಾರೆ. ಟೀಚರಿಗೂ ಭಯ. ಅವಳು ಖೋ ಖೋ ಆಡಬೇಕು ಅಂತ ಅಳುತ್ತಾಳೆ. ಇನ್ನೂ ಎಷ್ಟು ದಿನ ಒಳಗೇ ಇಟ್ಟುಕೊಳ್ಳಲಿ?”

ತಂಗಿ, ಡಾಕ್ಟರೇ ಹೂಂ ಅಂದ ಮೇಲೆ ಒಂದು ದಿನವೂ ಬೇಡ. ನಾಳೆಯೇ ಕಳಿಸಿ. ಕಿಡ್ನಿ ಕೊಟ್ಟಿದ್ದು ಅವಳು ಎಲ್ಲ ಮಕ್ಕಳ ಹಾಗೆ ಬೆಳೆಯಲಿ ಅಂತ ಅಲ್ವಾ?

ಅತ್ತೆಯವರ ಭಯ ಸುಳ್ಳಲ್ಲ. ತಾಯಿಯದೇ ಆದರೂ ಆ ಕಿಡ್ನಿಯನ್ನು ಮಗುವಿನ ಮೈ ಹೊರಗಿನದು ಅಂತಲೇ ನೋಡುತ್ತದೆ. ಅದರ ಮೇಲೆ ಏರಿ ಹೋಗದಂತೆ ತಡೆಯುವುದು ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳು. ಅವು ಮೈಯ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಹಾಗಾಗಿ ಟೀಚರಿಗೆ ಒಂದು ಮಾತು ಹೇಳಿಡಿ: ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ದಡಾರ ಬಂದರೆ ಅವತ್ತೇ ಫೋನ್ ಮಾಡಲಿ. ನೀವೂ ಅವತ್ತೇ ಡಾಕ್ಟರಿಗೆ ತಿಳಿಸಿ. ಶಾಲೆಯಲ್ಲಿ ಲಸಿಕೆ ಹಾಕುವ ದಿನವೂ ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ದಡಾರದಂಥ ಜೀವಂತ ಲಸಿಕೆ, ಅಂದರೆ ಶಕ್ತಿ ಕುಗ್ಗಿಸಿದ ಜೀವಂತ ರೋಗಾಣು ಇರುವ ಲಸಿಕೆ, ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಮಾತ್ರೆಯ ವೇಳೆಯ ಬಗ್ಗೆ. ಬೆಳಿಗ್ಗೆ 8ಕ್ಕೆ ಅಂದರೆ 8ಕ್ಕೆ, ರಾತ್ರಿ 8ಕ್ಕೆ ಅಂದರೆ 8ಕ್ಕೆ. ಮದುವೆ ಇರಲಿ, ಗವಿಮಠದ ಜಾತ್ರೆ ಇರಲಿ, ಡಬ್ಬಿ ಜೊತೆಗಿರಬೇಕು. ತಪಾಸಣೆಗೆ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುತ್ತೀರಿ. ಅವತ್ತು ಮಾತ್ರ ಬೆಳಗಿನ ಮಾತ್ರೆ ಕೈಯಲ್ಲೇ ಇರಲಿ, ರಕ್ತ ಕೊಟ್ಟ ಮೇಲೆ ನುಂಗಲಿ. ಮೊದಲೇ ನುಂಗಿದರೆ ರಕ್ತದಲ್ಲಿ ಔಷಧಿ ಎಷ್ಟಿದೆ ಅನ್ನುವ ಲೆಕ್ಕ ತಪ್ಪಾಗಿ ಬರುತ್ತದೆ, ಡೋಸೂ ತಪ್ಪುತ್ತದೆ. ಊರಲ್ಲಿ ಜ್ವರ, ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಗುಳಿಗೆ ತರಬೇಡಿ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳು ಟ್ಯಾಕ್ರೋಲಿಮಸ್ ಮಟ್ಟವನ್ನೇ ಏರಿಳಿಸುತ್ತವೆ. ಚಕ್ಕೋತ ಹಣ್ಣೂ ಬೇಡ.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ನೀರಿನ ಬಾಟಲಿ ಬ್ಯಾಗಿನಲ್ಲಿರಲಿ. ಪಾಠದ ನಡುವೆ ಕುಡಿಯಲು, ಮೂತ್ರಕ್ಕೆ ಹೋಗಲು ಟೀಚರು ಬಿಡಬೇಕು. ಶೌಚಾಲಯ ಗಲೀಜು ಅಂತ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇವಳು ಹಾಗೆ ಮಾಡುವಂತಿಲ್ಲ. ಹೆಡ್‌ಮಾಸ್ತರರ ಹತ್ತಿರ ಕೂತು ಇದನ್ನು ಬಿಡಿಸಿ ಹೇಳಿ.

ಈಗಿನಿಂದಲೇ ಮಾತ್ರೆಯ ಹೆಸರು, ವೇಳೆ ಅವಳ ಬಾಯಿಗೆ ಬರಲಿ. ಹದಿನೈದು ಹದಿನಾರಕ್ಕೆ ಬಂದ ಮಕ್ಕಳು “ನಾನು ಚೆನ್ನಾಗೇ ಇದ್ದೀನಲ್ಲ” ಅಂತ ಮಾತ್ರೆ ಬಿಟ್ಟು ಕಿಡ್ನಿ ಕಳೆದುಕೊಳ್ಳುವುದುಂಟು. ಬೈದು ನುಂಗಿಸಿದ ಅಭ್ಯಾಸ ಆ ವಯಸ್ಸಿಗೆ ನಿಲ್ಲುವುದಿಲ್ಲ.

ಎರಡು ಪುಟದ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ನೀವೂ ಒಂದೇ ಕಿಡ್ನಿಯಲ್ಲಿರುವವರು. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಮೂತ್ರ ನೋಡಿಸಿಕೊಳ್ಳಿ. ಮಗಳ ಜೊತೆ ಹೋದಾಗಲೇ ಆಗುತ್ತದೆ.

ಇನ್ನು ಆಟ. ಹೊಸ ಕಿಡ್ನಿಯನ್ನು ಕೂಡಿಸುವುದು ಕೆಳಹೊಟ್ಟೆಯ ಪಕ್ಕದಲ್ಲಿ, ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ. ಆದ್ದರಿಂದ ಕಬಡ್ಡಿ, ಕುಸ್ತಿ ಬೇಡ. ಓಟ, ಸ್ಕಿಪ್ಪಿಂಗ್, ಸೈಕಲ್ ಸಾಮಾನ್ಯವಾಗಿ ಆಗುತ್ತದೆ. ಖೋ ಖೋ ಬಗ್ಗೆ ಮುಂದಿನ ತಪಾಸಣೆಯಲ್ಲಿ ಡಾಕ್ಟರನ್ನು ಅವಳೇ ಕೇಳಲಿ.

– ಸಂಪಾದಕ