ನಮ್ಮದೇ ಟಿ ಕೋಶಗಳು ನಮ್ಮ ಮೇಲೆ ಏಕೆ ತಿರುಗಿ ಬೀಳುತ್ತವೆ?

ಟಿ ಕೋಶಗಳು ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಅವುಗಳಲ್ಲಿ ದೇಹದ ಮೇಲೇ ಎರಗುವಂಥವು ಥೈಮಸ್ ಎಂಬ ಗ್ರಂಥಿಯಲ್ಲೇ ಸಾಯುತ್ತವೆ ಎಂದು ಓದಿದ್ದೀರಿ. ಹಾಗಿದ್ದರೆ, ಟಿ ಕೋಶಗಳೇ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಹಾಳುಮಾಡುವ ಟೈಪ್ 1 ಡಯಾಬಿಟಿಸ್ ಇರುವ ನಿಮ್ಮಲ್ಲಿ ಅವು ಎಲ್ಲಿಂದ ಬಂದವು, ತಂಗಿಗೂ ಬರುತ್ತಾ ಎಂದು ಕೇಳಿದ್ದೀರಿ. ನಾನು ಇಮ್ಯುನಾಲಜಿ, ಅಂದರೆ ರೋಗನಿರೋಧಕ ವ್ಯವಸ್ಥೆಯ ಪಾಠ ಮಾಡುವವನು. ಮೊದಲೇ ಹೇಳಿಬಿಡುತ್ತೇನೆ: ಅಂಥ ಕೋಶಗಳು ಎಲ್ಲರಲ್ಲೂ ಇವೆ, ಆರೋಗ್ಯವಾಗಿರುವವರಲ್ಲೂ.

ಟಿ ಕೋಶ ಮೂಳೆ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್‌ಗೆ ಬಂದು ಬಲಿಯುತ್ತದೆ. ಅಲ್ಲಿ ಒಂದೊಂದೂ ಜೀನ್ ತುಂಡುಗಳನ್ನು ಕತ್ತರಿಸಿ, ಹೇಗೆ ಬಂತೋ ಹಾಗೆ ಜೋಡಿಸಿ ತನ್ನ ರಿಸೆಪ್ಟರ್, ಅಂದರೆ ಗುರಿಯನ್ನು ಗುರುತಿಸಿ ಅಂಟುವ ಭಾಗವನ್ನು ಮಾಡಿಕೊಳ್ಳುತ್ತದೆ. ನಾಳೆ ಯಾವ ವೈರಸ್ ಬರುತ್ತದೋ ಗೊತ್ತಿಲ್ಲ, ಅಲ್ವಾ? ಅದಕ್ಕೇ ಇಷ್ಟೊಂದು ಬಗೆ. ಅದರಲ್ಲಿ ಕೆಲವು ನಮ್ಮದೇ ಪ್ರೋಟೀನ್‌ಗೆ ಅಂಟುವಂಥವೂ ಆಗಿಬಿಡುತ್ತವೆ.

ಅವುಗಳನ್ನು ಹಿಡಿಯಲು ಥೈಮಸ್ ಮಾಡುವ ಕೆಲಸ ನನಗೆ ಈಗಲೂ ಬೆರಗು. ಇನ್ಸುಲಿನ್ ತಯಾರಾಗಬೇಕಾದ್ದು ಮೇದೋಜೀರಕ ಗ್ರಂಥಿಯಲ್ಲಿ. ಆದರೂ ಥೈಮಸ್‌ನ ಕೆಲವು ಕೋಶಗಳು ಅದನ್ನು ಚೂರೇ ಚೂರು ತಯಾರಿಸಿ ಎಳೆಯ ಟಿ ಕೋಶಗಳಿಗೆ ತೋರಿಸುತ್ತವೆ. ಗಟ್ಟಿಯಾಗಿ ಅಂಟಿಕೊಂಡವು ಅಲ್ಲೇ ಸಾಯುತ್ತವೆ. ಕೆಲವು ಮಾತ್ರ ಬೇರೆ ಕೋಶಗಳನ್ನು ತಡೆಯುವ ನಿಯಂತ್ರಕ ಟಿ ಕೋಶಗಳಾಗುತ್ತವೆ. ಹೀಗೆ ಬೇರೆ ಅಂಗಗಳ ಪ್ರೋಟೀನ್ ಮಾಡಿಸುವುದರಲ್ಲಿ 1997ರಲ್ಲಿ ಗುರುತಿಸಿದ ಏರ್ ಎಂಬ ಜೀನ್‌ನ ಪಾತ್ರ ದೊಡ್ಡದು. ಅದು ಕೆಟ್ಟವರಲ್ಲಿ ಒಂದೇ ಸಲಕ್ಕೆ ಹಲವು ಗ್ರಂಥಿಗಳು ಹಾಳಾಗುತ್ತವೆ.

ನಿಮ್ಮ ಕಾಯಿಲೆಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಇನ್ಸುಲಿನ್ ಜೀನ್‌ನ ಪಕ್ಕದಲ್ಲಿ ಮತ್ತೆ ಮತ್ತೆ ಬರುವ ಒಂದು ಡಿಎನ್‌ಎ ಭಾಗವಿದೆ. ಅದು ಗಿಡ್ಡವಾಗಿದ್ದರೆ ಥೈಮಸ್‌ನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುತ್ತದೆ, ಟೈಪ್ 1 ಬರುವ ಸಾಧ್ಯತೆ ಜಾಸ್ತಿ. ಉದ್ದವಾಗಿದ್ದರೆ ತದ್ವಿರುದ್ಧ. ಸಾಕಷ್ಟು ತೋರಿಸದಿದ್ದರೆ ಹಿಡಿಯುವುದಾದರೂ ಹೇಗೆ? ಎಚ್‌ಎಲ್‌ಎ ಜೀನ್‌ಗಳ ಪಾಲು ಇದಕ್ಕಿಂತ ದೊಡ್ಡದು. ಯಾವ ಪ್ರೋಟೀನ್ ತುಣುಕನ್ನು ಟಿ ಕೋಶಕ್ಕೆ ಎಷ್ಟು ಚೆನ್ನಾಗಿ ತೋರಿಸಬೇಕು ಅನ್ನುವುದು ಅವುಗಳ ಮೇಲೇ ನಿಂತಿದೆ.

ತಪ್ಪಿಸಿಕೊಂಡು ಹೊರಬಂದವು ಸುಮ್ನೆ ದಾಳಿ ಮಾಡುವುದಿಲ್ಲ. ಅಪಾಯವಿದೆ ಎಂಬ ಎರಡನೇ ಸೂಚನೆ ಬೇಕು. ಮೇಲಾಗಿ ನಿಯಂತ್ರಕ ಕೋಶಗಳು ತಡೆಯುತ್ತಿರುತ್ತವೆ. 2025ರ ವೈದ್ಯಕೀಯ ನೊಬೆಲ್ ಬ್ರಂಕೋ, ರಾಮ್ಸ್‌ಡೆಲ್ ಮತ್ತು ಸಕಗುಚಿ ಅವರಿಗೆ ಸಿಕ್ಕಿದ್ದು ಈ ತಡೆಯನ್ನು ಕಂಡುಹಿಡಿದದ್ದಕ್ಕೇ. ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಿಗಳು ಟಿ ಕೋಶಗಳ ಬ್ರೇಕ್ ತೆಗೆಯುತ್ತವೆ. ಆಗ ಕೆಲವು ರೋಗಿಗಳಿಗೆ ಥೈರಾಯ್ಡ್ ಉರಿಯೂತ, ಅಪರೂಪಕ್ಕೆ ಟೈಪ್ 1 ಕೂಡ ಶುರುವಾಗುತ್ತದೆ. ಎಲ್ಲರಲ್ಲೂ ಇವೆ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಬ್ರೇಕ್ ತಾನಾಗಿಯೇ ಸಡಿಲವಾಗುವುದಕ್ಕೆ ಒಂದೇ ಕಾರಣ ಇಲ್ಲ. ಸೋಂಕು ಬಂದಾಗ ಆ ಎರಡನೇ ಸೂಚನೆ ಸಿಕ್ಕಿಬಿಡಬಹುದು. ರೋಗಾಣುವಿನ ಪ್ರೋಟೀನ್ ನಮ್ಮದನ್ನೇ ಹೋಲಬಹುದು, ರುಮಾಟಿಕ್ ಜ್ವರದಲ್ಲಿ ಹೃದಯಕ್ಕೆ ಪೆಟ್ಟಾಗುವುದು ಹೀಗೆ. ಒಮ್ಮೆ ಅಂಗಾಂಶ ಒಡೆದರೆ ಒಳಗಿನ ಹೊಸ ಪ್ರೋಟೀನ್‌ಗಳು ಹೊರಬಿದ್ದು ಮತ್ತಷ್ಟು ಟಿ ಕೋಶಗಳು ಎಚ್ಚರಗೊಳ್ಳುತ್ತವೆ. ದಯವಿಟ್ಟು ನೀವು ತಿಂದದ್ದು, ಮಾಡಿದ್ದು ಇದಕ್ಕೆ ಕಾರಣ ಎಂದು ಕೊರಗಬೇಡಿ.

ಇನ್ನು ತಂಗಿಯ ವಿಷಯ. ತದ್ರೂಪಿ ಅವಳಿಗಳಲ್ಲೂ ಇಬ್ಬರಿಗೂ ಬರಲೇಬೇಕೆಂದಿಲ್ಲ. ಒಡಹುಟ್ಟಿದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಆದರೂ ಇನ್ಸುಲಿನ್ ಮತ್ತು ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳಿಗೆ (ದಾಳಿ ಶುರುವಾದ ಸುಳಿವು ಕೊಡುವ ಪ್ರೋಟೀನ್‌ಗಳು) ರಕ್ತಪರೀಕ್ಷೆ ಇದೆ, ವೈದ್ಯರನ್ನು ಕೇಳಿ. ಅಂಥ ಎರಡು ಪ್ರತಿಕಾಯಗಳು ಕಂಡು, ಸಕ್ಕರೆ ಏರುಪೇರಾಗಲು ಶುರುವಾಗಿದ್ದರೆ ಟೆಪ್ಲಿಜುಮಾಬ್ ಎಂಬ ಔಷಧಿ ಇದೆ. ಟಿ ಕೋಶಗಳನ್ನು ತಗ್ಗಿಸಿ ಕಾಯಿಲೆಯನ್ನು ಸುಮಾರು 2 ವರ್ಷ ಮುಂದೂಡಿದ್ದು ಪ್ರಯೋಗದಲ್ಲಿ ಕಂಡುಬಂದಿದೆ. 2022ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.